ಬಸ್ಸು ನಿಂತಿತು, ಗಂಟು ನಿಲ್ಲಲಿಲ್ಲ

ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಶುರುವಾಯಿತೆಂದರೆ 56 ದಿನದೊಳಗೆ ಮುಗಿಯಬೇಕು. ಕ್ಯಾನ್ಸರ್ ವೈದ್ಯರ ಬಾಯಲ್ಲಿ ಮಗ್ಗಿಯಂತೆ ಬರುವ ಲೆಕ್ಕ ಇದು. 2020ರ ಮಾರ್ಚ್ 24ರಿಂದ ಮೇ 18ರವರೆಗೆ ಮೈಸೂರು ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು ಓಡಲಿಲ್ಲ. ಬೆರಳು ಮಡಚಿ ಎಣಿಸಿದರೆ ಅದೂ 56 ದಿನ.

ಒಂದು 56ಕ್ಕೂ ಇನ್ನೊಂದು 56ಕ್ಕೂ ಸಂಬಂಧವಿಲ್ಲ, ಕಾಕತಾಳೀಯ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಹೆಂಗಸರ ಮಟ್ಟಿಗೆ ಕ್ಯಾನ್ಸರ್ ಚಿಕಿತ್ಸೆ ಎನ್ನುವುದು ಔಷಧಿ, ಯಂತ್ರ, ವೈದ್ಯರಿಗಿಂತ ಮೊದಲು ಒಂದು ಬಸ್ಸು. ಆ ಬಸ್ಸು ನಿಂತಾಗ ಏನಾಯಿತು ಎಂಬುದನ್ನು ಬಿಡಿಸಿ ನೋಡಲು ಮೊದಲು ದಾರಿಯ ಲೆಕ್ಕ ಬೇಕು.

ಕೆ.ಆರ್. ನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರ್. ಹುಣಸೂರಿನಿಂದ 45, ಎಚ್.ಡಿ. ಕೋಟೆಯಿಂದ 50ರ ಆಸುಪಾಸು, ಪಿರಿಯಾಪಟ್ಟಣದಿಂದ 70. ಇದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಿಂದ ಅಳೆದದ್ದು. ಬೆಟ್ಟದಪುರದ ಸುತ್ತಲಿನ ಹಳ್ಳಿಯವಳು, ಹನಗೋಡಿನಾಚೆಯ ಹಾಡಿಯವಳು ಮೊದಲು ಈ ನಿಲ್ದಾಣಕ್ಕೆ ಬರಬೇಕು. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯಂತೂ ನಾಗರಹೊಳೆ ಕಾಡು ದಾಟಿದ ಮೇಲೆ ಕೇರಳದ ಗಡಿಯಲ್ಲಿದೆ. ರಾತ್ರಿ ಆ ಕಾಡಿನ ರಸ್ತೆಯೇ ಮುಚ್ಚಿರುತ್ತದೆ. ನಾಲ್ಕರಲ್ಲಿ ರೈಲು ನಿಲ್ಲುವ ತಾಲ್ಲೂಕು ಕೇಂದ್ರ ಕೆ.ಆರ್. ನಗರವೊಂದೇ, ಮೈಸೂರು–ಹಾಸನ–ಅರಸೀಕೆರೆ ಹಳಿಯ ಮೇಲೆ. ಉಳಿದ ಮೂರಕ್ಕೂ ಬಸ್ಸೇ ಗತಿ. ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಇಳಿದರೆ ಕೆ.ಆರ್. ಆಸ್ಪತ್ರೆಗೆ, ಅಂದರೆ ಊರವರ ಬಾಯಲ್ಲಿನ ದೊಡ್ಡಾಸ್ಪತ್ರೆಗೆ, ನಡೆದೇ ಹೋಗಬಹುದು. ಹೆರಿಗೆ, ಗರ್ಭಕೋಶದ ತೊಂದರೆಗಳಿಗೆ ಚೆಲುವಾಂಬ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕೆಲವರು ಮೈಸೂರಿನಲ್ಲೇ ಭಾರತ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ಉಳಿದವರು ಇನ್ನೂ 145 ಕಿಲೋಮೀಟರ್ ಮುಂದೆ ಬೆಂಗಳೂರಿನ ಕಿದ್ವಾಯಿಗೆ.

ವಿಕಿರಣ ಚಿಕಿತ್ಸೆಗೆ ಹಳ್ಳಿಯವರು ಇಟ್ಟ ಹೆಸರು ಕರೆಂಟ್ ಕೊಡಿಸುವುದು. ವಾರಕ್ಕೆ ಐದು ದಿನದಂತೆ ಐದು ವಾರ ಹೊರಗಿನಿಂದ ಕರೆಂಟ್, ಅದಾದ ಮೇಲೆ ಗರ್ಭಕೋಶದ ಬಾಯಿಯ ಹತ್ತಿರಕ್ಕೇ ವಿಕಿರಣದ ಮೂಲ ಇಟ್ಟು ಕೊಡುವ ಇನ್ನಷ್ಟು ಸರದಿ. ಒಂದೊಂದು ಸಲಕ್ಕೂ ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ. ಅದಕ್ಕಾಗಿ ಇಡೀ ದಿನದ ಪ್ರಯಾಣ. ಊರಿನಿಂದಲೇ ಓಡಾಡುವವಳಿಗೆ 25 ದಿನಕ್ಕೆ 50 ಬಸ್ಸು, ಜೊತೆಗೆ ಬರುವವರದ್ದು ಇನ್ನು 50. ನಡುವೆ ಬಿಟ್ಟರೆ ಬಿಟ್ಟಲ್ಲಿಂದ ಮುಂದುವರಿಸಿದರಾಯಿತು ಎನ್ನುವಂತಿಲ್ಲ. ಎಂಟು ವಾರ ಮೀರಿದ ಪ್ರತಿ ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ರ ಆಸುಪಾಸು ಕುಗ್ಗುತ್ತದೆ ಎನ್ನುವುದು ಹಳೆಯ, ಎಲ್ಲರೂ ಒಪ್ಪಿದ ಲೆಕ್ಕ. ಬಿಡುವಿನಲ್ಲಿ ಗಡ್ಡೆಯ ಕೋಶಗಳು ಮತ್ತೆ ವೇಗವಾಗಿ ಹೆಚ್ಚುತ್ತವೆ.

ಕೆಂಪು ವಲಯ

ಮೈಸೂರು ಜಿಲ್ಲೆಗೆ ಲಾಕ್‌ಡೌನ್ ಉಳಿದ ಕಡೆಗಿಂತ ಬಿಗಿಯಾಗಿಯೇ ಬಂತು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಲ್ಲಿ ಸೋಂಕು ಕಂಡು, ನೋಡನೋಡುತ್ತಲೇ ಆ ಒಂದೇ ಕೊಂಡಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸಿಕ್ಕರು. ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಪಟ್ಟಿ ಮಾಡಿದಾಗ ರಾಜ್ಯದಲ್ಲಿ ಕೆಂಪು ವಲಯದಲ್ಲಿದ್ದ ಜಿಲ್ಲೆಗಳು ಮೂರೇ: ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಮೈಸೂರು. ಅಂದರೆ ಈ ನಾಲ್ಕು ತಾಲ್ಲೂಕಿನ ರೋಗಿ ಹೊರಡುವ ಜಿಲ್ಲೆಯೂ ಕೆಂಪು, ಕಿದ್ವಾಯಿ ಇರುವ ಊರೂ ಕೆಂಪು.

ಕಾಗದದ ಮೇಲೆ ಆಸ್ಪತ್ರೆಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ತುರ್ತು ಚಿಕಿತ್ಸೆಗೆ ವಿನಾಯಿತಿ ಇತ್ತು, ಪಾಸು ಇತ್ತು. ಆದರೆ ಪಾಸು ಬೇಕೆಂದರೆ ವೈದ್ಯರ ಚೀಟಿ ಬೇಕು, ಚೀಟಿ ಬೇಕೆಂದರೆ ಆಸ್ಪತ್ರೆಗೆ ಹೋಗಬೇಕು. ಹೋಗಲು ಬಾಡಿಗೆ ಗಾಡಿ ಬೇಕು, ಗಾಡಿಗೆ ಪಾಸು ಬೇಕು. ಈ ಸುತ್ತಿನಲ್ಲಿ ಸ್ವಂತ ಕಾರು, ಗೊತ್ತಿರುವ ಪೊಲೀಸು, ಮೈಸೂರಿನಲ್ಲಿ ನೆಂಟರ ಮನೆ ಇದ್ದವರು ಹೇಗೋ ದಾಟಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ನಿಜ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತರಬೇಕು, ಅದಕ್ಕೊಂದು ಓಡಾಟ. ಯೋಜನೆ ಆಪರೇಷನ್ನಿನ ಬಿಲ್ಲು ಕಟ್ಟೀತು, ಹುಣಸೂರಿನಿಂದ ಮೈಸೂರಿಗೆ ಬಾಡಿಗೆ ಓಮ್ನಿಯ ದುಡ್ಡನ್ನಲ್ಲ.

ದೇಶದ ಒಟ್ಟು ಚಿತ್ರ ಸಿಕ್ಕಿದ್ದು ಒಂದು ವರ್ಷದ ಮೇಲೆ. ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ಗೆ ಸೇರಿದ 41 ಕ್ಯಾನ್ಸರ್ ಕೇಂದ್ರಗಳು ತಮ್ಮ ದಾಖಲೆ ಪುಸ್ತಕ ತೆರೆದು 2020ರ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿದವು. 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಬಂದ ಆ ಲೆಕ್ಕದಂತೆ ಹೊಸ ರೋಗಿಗಳ ನೋಂದಣಿ 1,12,270ರಿಂದ 51,760ಕ್ಕೆ ಇಳಿದಿತ್ತು, ಶೇ 54 ಕಡಿತ. ಮರುಭೇಟಿ ಶೇ 46, ದೊಡ್ಡ ಶಸ್ತ್ರಚಿಕಿತ್ಸೆ ಶೇ 49, ಹೊರರೋಗಿಗಳ ಕಿಮೋ ಶೇ 37 ಕಡಿಮೆ. ವಿಕಿರಣ ಚಿಕಿತ್ಸೆ ಮಾತ್ರ ಶೇ 23ರಷ್ಟೇ ಕುಸಿದಿತ್ತು. ಆಸ್ಪತ್ರೆಗಳು ಕೈಕಟ್ಟಿ ಕೂತಿರಲಿಲ್ಲ, ಶುರುವಾದ ಕರೆಂಟನ್ನು ಮುಗಿಸಲು ಹೆಣಗಿದ್ದವು ಎಂಬುದಕ್ಕೆ ಆ ಒಂದು ಅಂಕಿ ಸಾಕ್ಷಿ. ದೊಡ್ಡ ಪೆಟ್ಟು ಬಿದ್ದಿದ್ದು ಬಾಗಿಲಿಗೇ ಬರದವರ ಮೇಲೆ.

ಆ 60,510 ಹೊಸ ರೋಗಿಗಳಿಗೆ ಆ ವರ್ಷ ಕ್ಯಾನ್ಸರ್ ಬರಲೇ ಇಲ್ಲವೆಂದಲ್ಲ. ಬಂದಿತ್ತು, ಮನೆಯಲ್ಲೇ ಇತ್ತು.

ನಾಟಿ ಮುಗೀಲಿ, ಬ್ಯಾರನ್ ಇಳೀಲಿ

ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಹೊಗೆಸೊಪ್ಪೇ ಪಂಚಾಂಗ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಪೂರ್ವದ ಮಳೆ ಬಿದ್ದೊಡನೆ ನಾಟಿ, ಆಷಾಢ ಶ್ರಾವಣದ ಹೊತ್ತಿಗೆ ಎಲೆ ಬಿಡಿಸುವುದು, ಕಡ್ಡಿಗೆ ಕಟ್ಟುವುದು, ಎಲೆ ಬೇಯಿಸುವ ಗೂಡಾದ ಬ್ಯಾರನ್ನಿಗೆ ಏರಿಸುವುದು, ರಾತ್ರಿಯಿಡೀ ಬೆಂಕಿ ಕಾಯುವುದು, ಬೆಂದ ಎಲೆ ವಿಂಗಡಿಸುವುದು. ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬೇಲು ಹೋಗುವವರೆಗೆ ಮನೆಯಲ್ಲಿ ದುಡ್ಡು ಕಾಣುವುದಿಲ್ಲ. ಇದರಲ್ಲಿ ನಾಟಿ, ಎಲೆ ಕಟ್ಟುವುದು, ವಿಂಗಡಣೆ ಬಹುಪಾಲು ಹೆಂಗಸರ ಕೈಯಲ್ಲೇ ಆಗುವ ಕೆಲಸ. ಕೆ.ಆರ್. ನಗರದ ಕಾವೇರಿ ನಾಲೆ ಬಯಲಿನಲ್ಲಿ ಹೊಗೆಸೊಪ್ಪಿನ ಜಾಗದಲ್ಲಿ ಭತ್ತ. ಬೆಳೆ ಬೇರೆ, ಕೆಸರಿನಲ್ಲಿ ಬಗ್ಗುವ ಬೆನ್ನು ಅದೇ.

ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು ಅಂದುಕೊಳ್ಳಿ. ಅವರೆಕಾಳಿನಷ್ಟಿದೆ, ನೋವಿಲ್ಲ. ನೋವಿಲ್ಲದ್ದು ರೋಗವಲ್ಲ ಎಂಬುದು ನಮ್ಮ ಹಳ್ಳಿಗಳ ವೈದ್ಯಶಾಸ್ತ್ರ. ಸ್ತನ ಕ್ಯಾನ್ಸರ್‌ನ ಗಂಟಿಗೆ ಮೊದಮೊದಲು ನೋವಿರುವುದೇ ಅಪರೂಪ. ಅಥವಾ ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಒಂದು ದಿನ ಸೀರೆಗೆ ರಕ್ತ ಅಂಟುತ್ತದೆ, ವಾಸನೆಯ ಬಿಳುಪು ಹೋಗುತ್ತದೆ. ಗಂಡನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಸಂಕೋಚ. ‘ನಾಟಿ ಮುಗೀಲಿ’ ಎಂದು ಒಂದು ಸಲ, ‘ಬ್ಯಾರನ್ ಇಳೀಲಿ’ ಎಂದು ಇನ್ನೊಂದು ಸಲ, ‘ಹರಾಜಿನ ದುಡ್ಡು ಬರಲಿ’ ಎಂದು ಮತ್ತೊಂದು ಸಲ ಮುಂದೆ ಹಾಕುವುದು ಇಲ್ಲಿ ಹೊಸದೇನಲ್ಲ. ಮಾರ್ಚ್ 2020ರ ನಂತರ ಆ ಪಟ್ಟಿಗೆ ಇನ್ನೊಂದು ಸೇರಿತು: ‘ಈ ಕೊರೊನಾ ಕಳೀಲಿ, ಆಮೇಲೆ ತೋರ್ಸದು.’

ಹಿಂದಿನ ಸಬೂಬುಗಳಿಗೆ ಒಂದು ಗಡುವು ಇತ್ತು, ನಾಟಿ ಮುಗಿದೇ ಮುಗಿಯುತ್ತದೆ. ಈ ಹೊಸ ಸಬೂಬಿಗೆ ಗಡುವಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ಮಕ್ಕಳು ಊರಿಗೆ ಬಂದಿದ್ದರು, ಶಾಲೆ ಮುಚ್ಚಿ ಮೊಮ್ಮಕ್ಕಳು ಮನೆಯಲ್ಲಿದ್ದರು. ಒಲೆ ಆರಲು ಬಿಡುವಿಲ್ಲದ ಕಾಲದಲ್ಲಿ ಒಲೆ ಹಚ್ಚುವವಳೇ ಆಸ್ಪತ್ರೆಗೆ ಹೊರಡುವುದೆಲ್ಲಿಂದ ಬಂತು? ಅದರ ಮೇಲೆ ಭಯ. ಆಸ್ಪತ್ರೆಗೆ ಹೋದರೆ ಅಲ್ಲೇ ಕೊರೊನಾ ಅಂಟುತ್ತದೆ, ಪರೀಕ್ಷೆ ಮಾಡಿ ಹಿಡಿದುಕೊಳ್ಳುತ್ತಾರೆ, ಸತ್ತರೆ ಮುಖ ಕೂಡ ತೋರಿಸುವುದಿಲ್ಲ ಎಂಬ ಭಯ. ಇದರಲ್ಲಿ ಕಡೆಯದ್ದು ಸುಳ್ಳೂ ಆಗಿರಲಿಲ್ಲ.

ಇಂಥ ಹೆಂಗಸನ್ನು ಮನೆಬಾಗಿಲಲ್ಲೇ ಹಿಡಿಯಬೇಕಾದವಳು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದ ಎಲ್ಲರಿಗೂ ಸಕ್ಕರೆ, ಬಿಪಿ, ಬಾಯಿ, ಸ್ತನ, ಗರ್ಭಕಂಠದ (ಅಂದರೆ ಗರ್ಭಕೋಶದ ಬಾಯಿಯ) ತಪಾಸಣೆ ಮಾಡಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2016ರಲ್ಲೇ ಹೊರಡಿಸಿದೆ. ಆಶಾ ತುಂಬುವ ನಮೂನೆಯಲ್ಲಿ ಹೆಂಗಸರಿಗೆಂದೇ ಕೆಲವು ಪ್ರಶ್ನೆಗಳಿವೆ: ಎದೆಯಲ್ಲಿ ಗಂಟಿದೆಯೇ, ಮೊಲೆತೊಟ್ಟಿನಿಂದ ರಕ್ತ ಬಂದಿದೆಯೇ, ಮುಟ್ಟು ನಿಂತ ಮೇಲೆ ರಕ್ತಸ್ರಾವವಾಗಿದೆಯೇ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋಗುತ್ತದೆಯೇ, ವಾಸನೆಯ ಸ್ರಾವವಿದೆಯೇ. ಇನ್ನೊಬ್ಬ ಹೆಂಗಸು ಜಗಲಿಯ ಮೇಲೆ ಕೂತು ತಗ್ಗಿದ ದನಿಯಲ್ಲಿ ಕೇಳಿದರೆ ಮಾತ್ರ ಉತ್ತರ ಬರುವ ಪ್ರಶ್ನೆಗಳು ಇವು. 2020ರಲ್ಲಿ ಅದೇ ಆಶಾ ಅದೇ ಮನೆಗಳಿಗೆ ಇನ್ನೂ ಹೆಚ್ಚು ಸಲ ಹೋದಳು. ಜ್ವರವಿದೆಯೇ, ಕೆಮ್ಮಿದೆಯೇ, ಬೆಂಗಳೂರಿನಿಂದ ಯಾರು ಬಂದರು ಎಂದು ಕೇಳಿದಳು, ಜಗಲಿಯಿಂದ ಆರಡಿ ದೂರದಲ್ಲಿ ನಿಂತು.

ಆಕೆಯನ್ನು ದೂರಿ ಫಲವಿಲ್ಲ. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು 2020ರ ಜುಲೈ 10ರಿಂದ ಮುಷ್ಕರ ಹೂಡಿದರು. ಕೇಳಿದ್ದು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ಮಾಸ್ಕು, ಕೈಗವಸು. ಆಗಸ್ಟ್‌ನಲ್ಲಿ ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಾಗ, ಕೊರೊನಾ ಪರೀಕ್ಷೆಯ ಗುರಿ ಮುಟ್ಟಿಸುವ ಒತ್ತಡವೇ ಕಾರಣವೆಂದು ಜಿಲ್ಲೆಯ ಸರ್ಕಾರಿ ವೈದ್ಯರು ಪ್ರತಿಭಟನೆಗಿಳಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಕೇಂದ್ರದವರೆಗೆ ಇಡೀ ಇಲಾಖೆ ಒಂದೇ ರೋಗದ ಹಿಂದೆ ಬಿದ್ದಿತ್ತು. ಸದ್ದಿಲ್ಲದ ರೋಗಕ್ಕೆ ಸದ್ದು ಮಾಡುವ ರೋಗದ ಮುಂದೆ ಜಾಗವಿರಲಿಲ್ಲ.

ಮುಂಚೆಯೇ ಹರಿದಿದ್ದ ಬಲೆ

ಮಹಾಮಾರಿ ಬಂದು ಸರಿಯಿದ್ದ ವ್ಯವಸ್ಥೆಯನ್ನು ಕೆಡಿಸಿತು ಎಂದು ಬರೆದರೆ ಅದು ಕೊರೊನಾಕ್ಕೆ ಮಾಡುವ ಅನ್ಯಾಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9. ಕರ್ನಾಟಕದಲ್ಲಿ ಎರಡೂ ಶೇ 1ಕ್ಕಿಂತ ಕಡಿಮೆ. ರಾಜ್ಯದ ಮನೆಗಳಲ್ಲಿ ಈ ಸಮೀಕ್ಷೆ ನಡೆದದ್ದು 2019ರಲ್ಲಿ, ವುಹಾನ್ ಎಂಬ ಊರಿನ ಹೆಸರು ಇಲ್ಲಿ ಯಾರ ಕಿವಿಗೂ ಬೀಳುವ ಮೊದಲು.

ಫಲ ಆಸ್ಪತ್ರೆಯಲ್ಲಿ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಕ್ಯಾನ್ಸರ್ ನೋಂದಣಿ ವರದಿಯಲ್ಲಿ, ಸ್ತನ ಕ್ಯಾನ್ಸರ್‌ನೊಂದಿಗೆ ಬಂದವರಲ್ಲಿ ಶೇ 57ರಷ್ಟು, ಗರ್ಭಕಂಠದ ಕ್ಯಾನ್ಸರ್‌ನೊಂದಿಗೆ ಬಂದವರಲ್ಲಿ ಶೇ 60ರಷ್ಟು ಮಂದಿಗೆ ರೋಗ ಆಗಲೇ ಸುತ್ತಲಿನ ಭಾಗಕ್ಕೆ ಹಬ್ಬಿತ್ತು. ಅದೇ 2020ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷದಲ್ಲಿ 1,78,361 ಹೆಂಗಸರಿಗೆ ಸ್ತನ ಕ್ಯಾನ್ಸರ್, 1,23,907 ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್. ಎರಡನೆಯದರಿಂದ ಸತ್ತವರು 77,348.

ಇಷ್ಟು ಸಾವಿಗೆ ತಡೆ ಎಷ್ಟು ಅಗ್ಗ ಎಂಬುದು ಹೊಟ್ಟೆ ಉರಿಸುವ ವಿಷಯ. ಗರ್ಭಕೋಶದ ಬಾಯಿಗೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ನೋಡುವುದು, ಅಷ್ಟೇ. ಅಡುಗೆಮನೆಯ ವಿನೆಗರ್ ಇದೇ ಆಮ್ಲ. ಮೈಕ್ರೋಸ್ಕೋಪು ಬೇಡ, ಪರಿಣತ ವೈದ್ಯರೂ ಬೇಡ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಇದನ್ನು ಮಾಡಿಸಿದ್ದು ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು. ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿಯಿತು. ಅದೇ ಹೆಂಗಸರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದರಿಂದ ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ 30 ತಗ್ಗಿತೆಂಬ ಇಪ್ಪತ್ತು ವರ್ಷಗಳ ಲೆಕ್ಕ 2021ರ ಫೆಬ್ರುವರಿಯಲ್ಲಿ ಹೊರಬಿತ್ತು. ಊರೂರಿನ ಮಾತು ಕೊರೊನಾ ಲಸಿಕೆಯದ್ದಾಗಿದ್ದ ಆ ದಿನಗಳಲ್ಲಿ ಇದು ಸುದ್ದಿಯಾಗುವುದು ಕಷ್ಟವಿತ್ತು.

ಅಮೆರಿಕದ ಕಥೆಯೂ ಬೇರೆಯಲ್ಲ. ಅಲ್ಲಿ ಬಡ ಹೆಂಗಸರಿಗೆಂದು ಸರ್ಕಾರ ನಡೆಸುವ ತಪಾಸಣಾ ಕಾರ್ಯಕ್ರಮದಲ್ಲಿ 2020ರ ಏಪ್ರಿಲ್‌ನಲ್ಲಿ ಸ್ತನ ಪರೀಕ್ಷೆ ಶೇ 87, ಗರ್ಭಕಂಠದ ಪರೀಕ್ಷೆ ಶೇ 84 ಕುಸಿದಿತ್ತು. ವ್ಯತ್ಯಾಸವಿಷ್ಟೇ, ಅವರಿಗೆ ಕುಸಿಯಲು ಒಂದು ಎತ್ತರವಿತ್ತು.

ಗಡಿ, ಸ್ಕೂಟರು, ಮಾರ್ಫಿನ್

ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಲ್ಲಿ ಸಮಸ್ಯೆಗೆ ಇನ್ನೊಂದು ಮಡಿಕೆ. ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗುವ ಕುಟುಂಬಗಳಿಗೆ ಒಂದು ಊರಿನ ಆರೋಗ್ಯ ಕೇಂದ್ರ ಎಂಬುದೇ ಇರುವುದಿಲ್ಲ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಸೀಮೆಯಲ್ಲೇ ಬೇರುಬಿಟ್ಟಿದ್ದು. ಸರಗೂರಿನ ಅದರ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆ ಕೋಟೆ ಭಾಗದ ಅನೇಕ ಹೆಂಗಸರಿಗೆ ಮೊದಲ ಮೆಟ್ಟಿಲು. ಆದರೆ ಕರೆಂಟ್ ಕೊಡಿಸಬೇಕೆಂದರೆ ಅಲ್ಲಿಂದಲೂ ಮೈಸೂರಿನ ದಾರಿಯೇ.

ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಬಾವಲಿ ಚೆಕ್‌ಪೋಸ್ಟ್. ಆಚೆ ವಯನಾಡು. ಸೋಂಕು ಕೇರಳದಿಂದ ಬರುತ್ತದೆಂದು ಗಡಿ ಮುಚ್ಚಿದಾಗ ರಾಜ್ಯದ ಗಮನವೆಲ್ಲ ಹೋದದ್ದು ತಲಪಾಡಿಯ ಕಡೆ. ಕಾಸರಗೋಡು, ಮಂಜೇಶ್ವರದ ಕನ್ನಡಿಗರಿಗೆ ಮಂಗಳೂರೇ ಆಸ್ಪತ್ರೆ. ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಡಯಾಲಿಸಿಸ್‌ನವರು, ಹೃದ್ರೋಗಿಗಳು, ಕ್ಯಾನ್ಸರ್‌ನವರು ಆಚೆ ಬದಿಯಲ್ಲೇ ಉಳಿದರು. 2020ರ ಏಪ್ರಿಲ್ ಮೊದಲ ವಾರದಲ್ಲಿ ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ರೋಗಿಗಳನ್ನು ಬಿಡಲು ಎರಡು ರಾಜ್ಯಗಳು ಒಪ್ಪಬೇಕಾಯಿತು. ಒಂದು ಆಂಬುಲೆನ್ಸ್ ಗಡಿ ದಾಟಲು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾದ ಕಾಲವದು.

ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೆಡ್ ಕಾನ್‌ಸ್ಟೆಬಲ್ ಎಸ್. ಕುಮಾರಸ್ವಾಮಿ ಧಾರವಾಡದ ಕ್ಯಾನ್ಸರ್ ರೋಗಿಯೊಬ್ಬರಿಗೆ ಔಷಧಿ ಸಿಗುತ್ತಿಲ್ಲವೆಂಬುದನ್ನು ಟಿವಿಯಲ್ಲಿ ನೋಡಿ, ಔಷಧಿ ಪಡೆದು, ತಮ್ಮ ಸ್ಕೂಟರಿನಲ್ಲಿ ಸುಮಾರು 430 ಕಿಲೋಮೀಟರ್ ಓಡಿಸಿ ತಲುಪಿಸಿ ಬಂದರು. ಪೊಲೀಸ್ ಕಮಿಷನರ್ ಸನ್ಮಾನ ಮಾಡಿದರು, ಪತ್ರಿಕೆಗಳು ಕೊಂಡಾಡಿದವು. ಕೊಂಡಾಡಬೇಕಾದ್ದೇ. ಆದರೆ ಒಂದು ರಾಜ್ಯದ ಕ್ಯಾನ್ಸರ್ ಔಷಧಿ ಒಬ್ಬ ಪೇದೆಯ ಒಳ್ಳೆಯ ಮನಸ್ಸು ಮತ್ತು ಒಂದು ಸ್ಕೂಟರಿನ ಮೈಲೇಜಿನ ಮೇಲೆ ನಿಂತಿತ್ತು ಎಂಬುದನ್ನೂ ಅದೇ ಸುದ್ದಿ ಹೇಳುತ್ತಿತ್ತು.

ಫೋನಿನಲ್ಲೇ ವೈದ್ಯರನ್ನು ಕಾಣಬಹುದೆಂಬ ದೂರವೈದ್ಯ ಮಾರ್ಗಸೂಚಿ 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ ಬಂತು. ಬಿಪಿ, ಸಕ್ಕರೆಯವರಿಗೆ ಅದು ವರವೇ ಆಯಿತು. ಎದೆಯ ಗಂಟನ್ನು ವಿಡಿಯೊದಲ್ಲಿ ಮುಟ್ಟಿ ನೋಡಲಾಗದು, ಗರ್ಭಕೋಶದ ಬಾಯಿಯನ್ನು ನೋಡುವ ಮಾತಂತೂ ದೂರ. ಇನ್ನೂ ಕ್ರೂರವಾದದ್ದು ಬೇರೆಯಿದೆ. ಕಡೆಯ ಹಂತದ ಕ್ಯಾನ್ಸರ್‌ನ ನೋವಿಗೆ ಮಾರ್ಫಿನ್ ಬೇಕು. ಮಾದಕ ವಸ್ತುಗಳ ಪಟ್ಟಿಯಲ್ಲಿರುವ ಔಷಧಿಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ ಎಂದು ಅದೇ ಮಾರ್ಗಸೂಚಿ ಹೇಳಿತ್ತು. ದುರುಪಯೋಗದ ಭಯಕ್ಕೆ ಹಾಕಿದ ಕಟ್ಟಳೆ ಸರಿಯೇ ಇರಬಹುದು. ಬಸ್ಸಿಲ್ಲದ ಊರಿನಲ್ಲಿ ಚಾಪೆಯ ಮೇಲೆ ನರಳುವವಳಿಗೆ ಮಾತ್ರ ಅದು ಬೇರೆಯೇ ಅರ್ಥ ಕೊಟ್ಟಿತು. ಮನೆಗೆ ಹೋಗಿ ಆರೈಕೆ ಮಾಡುವ ಉಪಶಾಮಕ ತಂಡಗಳ ಬೆಲೆ ತಿಳಿದದ್ದು ಆಗ.

2020ರ ಮೇ 19ರಂದು ಬಸ್ಸು ಮತ್ತೆ ಹೊರಟಿತು, ಒಂದಕ್ಕೆ 30 ಮಂದಿಯಂತೆ. ಮುಗಿಯಿತು ಎಂದುಕೊಂಡರೆ ಮುಂದಿನ ವರ್ಷದ್ದು ಇನ್ನೂ ಉದ್ದ. 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಬೇಡಿಕೆಯಿಟ್ಟು ಸಾರಿಗೆ ನೌಕರರು ಮುಷ್ಕರ ಹೂಡಿದರು, 21ಕ್ಕೆ ಮುಗಿಯಿತು. ಬಸ್ಸು ಸರಿಯಾಗಿ ಓಡತೊಡಗಿ ಒಂದು ವಾರವಾಗಿರಲಿಲ್ಲ, ಏಪ್ರಿಲ್ 27ರ ರಾತ್ರಿಯಿಂದ ಎರಡನೇ ಅಲೆಯ ಕರ್ಫ್ಯೂ. ಜೂನ್ 21ಕ್ಕೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಬಸ್ಸು ರಸ್ತೆಗಿಳಿದಾಗಲೂ ಸೋಂಕಿನ ಪ್ರಮಾಣ ಇಳಿದಿರದ ಮೈಸೂರು ಜಿಲ್ಲೆಗೆ ಆ ಸಡಿಲಿಕೆ ಸಿಗಲಿಲ್ಲ. ಏಪ್ರಿಲ್ 7ರಿಂದ ಎಣಿಸಿದರೆ, ನಡುವಿನ ಆ ಕೆಲವು ದಿನ ಬಿಟ್ಟು, ಹತ್ತು ವಾರ ಕಳೆದಿತ್ತು. ಮೊದಲ ಅಲೆ ನಗರದ್ದು, ಎರಡನೆಯದು ಹಳ್ಳಿಯದ್ದು. ಈ ಸಲ ಸಾವು ಪಕ್ಕದ ಮನೆಯಲ್ಲೇ ಆಗುತ್ತಿತ್ತು. ಮೇ 2ರ ರಾತ್ರಿ ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಸತ್ತವರ ಸುದ್ದಿ ಕೇಳಿದ ಮೇಲೆ ಗಂಟು ತೋರಿಸಲು ಆಸ್ಪತ್ರೆಗೆ ಹೊರಡುವ ಗಟ್ಟಿಗಿತ್ತಿ ಎಲ್ಲಿ ಸಿಗಬೇಕು?

ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 13ರಷ್ಟು ಏರುತ್ತದೆ ಎಂದು ‘ಬಿಎಂಜೆ’ಯಲ್ಲಿ 2020ರ ನವೆಂಬರ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳಿತು, ಏಳು ಬಗೆಯ ಕ್ಯಾನ್ಸರ್‌ಗಳನ್ನು ತೂಗಿ ನೋಡಿ. ಎಂಟು ವಾರ, ಹತ್ತು ವಾರದ್ದನ್ನು ಓದುಗರೇ ಗುಣಿಸಿಕೊಳ್ಳಬಹುದು. ಆದರೆ ಕೊರೊನಾ ಸತ್ತವರನ್ನು ದಿನವೂ ಸಂಜೆ ಬುಲೆಟಿನ್‌ನಲ್ಲಿ ಎಣಿಸಿತು. ತಡವಾಗಿ ಬಂದು ಮೂರು ವರ್ಷದ ಮೇಲೆ ಸತ್ತವಳನ್ನು ಎಣಿಸುವ ಬುಲೆಟಿನ್ ಯಾವುದೂ ಇರಲಿಲ್ಲ. ಆಕೆಯ ಹೆಸರಿನ ಮುಂದೆ ಕ್ಯಾನ್ಸರ್ ಎಂದಷ್ಟೇ ಇರುತ್ತದೆ.

ಉಳಿದು ಹೋದ ಯಂತ್ರಗಳು

ಇಷ್ಟಾದರೂ ಮಹಾಮಾರಿ ಬಿಟ್ಟುಹೋದ ಸಾಮಾನುಗಳಲ್ಲಿ ಉಪಯೋಗಕ್ಕೆ ಬರುವಂಥವೂ ಇವೆ. ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆಯುವುದು ಈಗ ಹಳ್ಳಿಯ ಅಜ್ಜಿಗೂ ಗೊತ್ತು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾದ ಎಚ್‌ಪಿವಿ ವೈರಾಣುವನ್ನು ಪತ್ತೆ ಮಾಡಲು ಬೇಕಾದ್ದೂ ಇಂಥದೇ ಒಂದು ಕಡ್ಡಿ, ಅದನ್ನು ಹೆಂಗಸು ಮರೆಯಲ್ಲಿ ತಾನೇ ತೆಗೆದು ಕೊಡಬಹುದು. ವೈದ್ಯರ ಮುಂದೆ ಕಾಲಗಲಿಸಿ ಮಲಗಬೇಕೆಂಬ ನಾಚಿಕೆಗೆ ಇದಕ್ಕಿಂತ ಮದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಜುಲೈನಲ್ಲಿ ಈ ವಿಧಾನಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಹಳ್ಳಿ, ಹಾಡಿ, ಕೊಳೆಗೇರಿಗಳ ಹೆಂಗಸರನ್ನು ಕೂರಿಸಿಕೊಂಡು ಈ ಬಗ್ಗೆ ಮಾತಾಡಿಸಿದೆ. ಬಹುಪಾಲು ಹೆಂಗಸರು ಬೇಡವೆನ್ನಲಿಲ್ಲ, ಸರಿಯಾಗಿ ತೆಗೆದೆವೋ ಇಲ್ಲವೋ ಎಂಬ ಅಳುಕು ಮಾತ್ರ ಇತ್ತು.

ಮಾದರಿ ಓದುವ ಯಂತ್ರವೂ ದೂರವಿಲ್ಲ. ಕೊರೊನಾ ಕಾಲದಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಟ್ರೂನ್ಯಾಟ್ ಪೆಟ್ಟಿಗೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನಲ್ಲಿ ಹುಟ್ಟಿದ್ದು. ಅದೇ ಪೆಟ್ಟಿಗೆಗೆ ಕ್ಷಯದ ಚಿಪ್ಪಿದೆ, ಕೊರೊನಾ ಚಿಪ್ಪಿತ್ತು, ಎಚ್‌ಪಿವಿಯ ಚಿಪ್ಪೂ ಇದೆ. ಸರ್ಕಾರ ಕೊಳ್ಳಬೇಕಾದ್ದು ಹೊಸ ಯಂತ್ರವನ್ನಲ್ಲ, ಹೊಸ ಚಿಪ್ಪನ್ನು. ಗರ್ಭಕಂಠದ ಕ್ಯಾನ್ಸರನ್ನೇ ಇಲ್ಲವಾಗಿಸುವ ಜಾಗತಿಕ ಸಂಕಲ್ಪಕ್ಕೆ 2020ರ ನವೆಂಬರ್ 17ರಂದು, ಮಹಾಮಾರಿಯ ನಡುವೆಯೇ, ಚಾಲನೆ ಸಿಕ್ಕಿತು: 2030ರೊಳಗೆ ಶೇ 90 ಬಾಲಕಿಯರಿಗೆ ಲಸಿಕೆ, ಶೇ 70 ಹೆಂಗಸರಿಗೆ ಒಳ್ಳೆಯ ತಪಾಸಣೆ, ರೋಗ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ. ಶೇ 1 ಮುಟ್ಟದ ರಾಜ್ಯಕ್ಕೆ ಶೇ 70 ಎಷ್ಟು ದೂರ ಎಂಬುದನ್ನು ಹೇಳಬೇಕಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಎಂಬುದನ್ನೂ ದಾಖಲಿಸಬೇಕು. ಮನೆಮನೆಗೆ ಹೋಗಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾಯಿತು. 2025ರ ಮೇನಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕಿಮೋ ಕೇಂದ್ರಗಳು ತೆರೆದವು. ಕಿದ್ವಾಯಿಯಂಥ ಆಸ್ಪತ್ರೆ ಬರೆದುಕೊಟ್ಟ ಕಿಮೋವನ್ನು ಜಿಲ್ಲೆಯಲ್ಲೇ ಹಾಕಿಸಿಕೊಳ್ಳಬಹುದು. ಮೈಸೂರಿಗೊಂದು ಕಿದ್ವಾಯಿ ಮಾದರಿಯ ಆಸ್ಪತ್ರೆ ಎಂಬ ಮಾತಂತೂ ವರ್ಷಗಳಿಂದ ಕೇಳಿಬರುತ್ತಿದೆ. ಇವೆಲ್ಲ ಬಸ್ಸಿನ ದಾರಿಯನ್ನು ಕಿರಿದು ಮಾಡುತ್ತವೆ. ಆದರೆ ನಾಳೆ ಇನ್ನೊಂದು ಮಹಾಮಾರಿ ಬಂದು ಬಸ್ಸು ನಿಂತರೆ, ಕರೆಂಟ್ ನಡುವಿನಲ್ಲಿರುವ ಹೆಂಗಸನ್ನು ಪಿರಿಯಾಪಟ್ಟಣದಿಂದ ಯಾವ ಗಾಡಿ ಕರೆತರುತ್ತದೆ, ಆ ಗಾಡಿಗೆ ಡೀಸೆಲ್ ಯಾರು ಹಾಕಿಸುತ್ತಾರೆ? ಗರ್ಭಿಣಿಯರಿಗೆ, ಡಯಾಲಿಸಿಸ್‌ನವರಿಗೆ ಇರುವಂತೆ ಈ ಹೆಂಗಸರದ್ದೂ ಒಂದು ಪಟ್ಟಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿನ ಮೇಲಿರಬೇಕು, ಇಂಥವಳಿಗೆ ಇನ್ನು ಇಷ್ಟು ದಿನ ಬಾಕಿ ಎಂದು. ಅದಕ್ಕೆ ಕಟ್ಟಡ ಬೇಡ, ಒಂದು ನೋಟ್‌ಬುಕ್ ಸಾಕು.

ಅಲ್ಲಿಯವರೆಗೆ ಮೂವತ್ತು ದಾಟಿದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಗರ್ಭಕೋಶದ ಬಾಯಿಯ ಪರೀಕ್ಷೆ ಬೇಕೆಂದು ಬಾಯಿಬಿಟ್ಟು ಕೇಳಬೇಕು. ಅಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 104 ಆರೋಗ್ಯವಾಣಿಗೆ ಫೋನ್ ಮಾಡಿ ಕೇಳಬಹುದು. ಇನ್ನು ಬಸ್ಸಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಣಸೂರಿನಿಂದಾಗಲಿ, ಕೋಟೆಯಿಂದಾಗಲಿ ಮೈಸೂರಿಗೆ ಹೋಗುವ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಜೊತೆಗೆ ಬರುವ ಗಂಡನಿಗೆ ಇದೆ.